ಕೋವಿ ನಳಿಗೆಯಲ್ಲಿ ಹಿಡಿದು ಕೂತ ಕೊಳೆ ಬಿಡಿಸುವುದು ಹೇಗೆ

ಆಗಸ್ಟ್ ಮುಗಿಯುತ್ತಾ ಬಂತೆಂದರೆ ನಮ್ಮ ದಕ್ಷಿಣ ಕೊಡಗಿನಲ್ಲಿ ಕೋವಿ ಕ್ಲೀನ್ ಮಾಡುವ ಕಾಲ. ನಾಟಿ ಮುಗಿದಿರುತ್ತದೆ. ಕಕ್ಕಡ ತಿಂಗಳ ಜಡಿಮಳೆ ಸ್ವಲ್ಪ ಬಿಡುವು ಕೊಟ್ಟಿರುತ್ತದೆ. ಸೆಪ್ಟೆಂಬರ್ 3ರ ಆಸುಪಾಸು ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಅವತ್ತು ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಪೂಜೆಗೆ ಬರಬೇಕು, ಮಧ್ಯಾಹ್ನದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಹೋಗಬೇಕು. ನಮ್ಮ ಮನೆಯಲ್ಲಿ ಕತ್ತಿ ಮಸೆಯುವುದು ನಮ್ಮವರ ಕೆಲಸ, ಕೋವಿ ನನ್ನದು. ಮಾವನಿಗೆ ಕಣ್ಣು ಮಂಜಾದ ಮೇಲೆ ನನಗೆ ವಹಿಸಿದರು. ಈಗಲೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ತಪ್ಪು ಹುಡುಕುತ್ತಾರೆ.

ಸಾಮಾನ್ಯ ಕೊಳೆ ತೆಗೆಯುವುದಕ್ಕೆ ಯಾರ ಪಾಠವೂ ಬೇಡ. ಎಣ್ಣೆ ಹಚ್ಚಿ, ಬಟ್ಟೆ ತೂರಿಸಿ, ಒರೆಸಿದರೆ ಆಯಿತು. ತೊಂದರೆ ಬರುವುದು ಎಷ್ಟು ಉಜ್ಜಿದರೂ ಬಿಡದ ಕೊಳೆಯದ್ದು. ಅದಕ್ಕೆ ಹೆಚ್ಚಿನವರು ಮಾಡುವುದು ಒಂದೇ, ಇನ್ನೂ ಜೋರಾಗಿ ಉಜ್ಜುವುದು. ನಾನು ಹೇಳುವುದು, ಮೊದಲು ಆ ಕೊಳೆ ಯಾವುದು ಅಂತ ನೋಡಿ. ಮಸಿ, ಪ್ಲಾಸ್ಟಿಕ್, ಸೀಸ, ತುಕ್ಕು. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಕೈ ನೋವು ಬರುತ್ತದೆಯೇ ಹೊರತು ಕೊಳೆ ಹೋಗುವುದಿಲ್ಲ.

ನಮ್ಮದು 12 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ) ಜೋಡಿ ನಳಿಗೆ, ಅಕ್ಕಪಕ್ಕದ್ದು, 30 ಇಂಚು ಉದ್ದ. ಇಲ್ಲಿ ಬರೆದಿರುವುದು ಅದನ್ನು ಇಟ್ಟುಕೊಂಡೇ. ಒಂಟಿ ನಳಿಗೆ ಆದರೂ ಲೆಕ್ಕ ಅದೇ.

ಮೊದಲು ಕೋವಿ ಖಾಲಿ ಇದೆಯಾ ನೋಡಿ. ಖಾಲಿ ಅಂತ ಗೊತ್ತಿದ್ದರೂ ನೋಡಿ. ಕೋವಿ ಮುರಿದು, ಅಂದರೆ ಮಡಚಿ ತೆರೆದು, ಎರಡೂ ಚೇಂಬರ್‌ಗೆ (ತೋಟಾ, ಅಂದರೆ ಕಾರ್ಟ್ರಿಜ್, ಕೂರುವ ಜಾಗ) ಬೆರಳು ಹಾಕಿ ನೋಡುವುದು ನಮ್ಮ ಮನೆಯ ರೂಢಿ, ಕಣ್ಣನ್ನು ಮಾತ್ರ ನಂಬುವುದಿಲ್ಲ. ತೋಟಾಗಳು ಕ್ಲೀನ್ ಮಾಡುವ ಕೋಣೆಯಲ್ಲೇ ಇರಬಾರದು. ಮಕ್ಕಳನ್ನು ಹೊರಗೆ ಕಳಿಸಿ. ಆಮೇಲೆ ಮುಂದಿನ ಮರದ ತುಂಡು ಕಳಚಿ, ನಳಿಗೆ ಬಿಡಿಸಿ, ಹಿಂದಿನ ಮರ ಮತ್ತು ಬೀಗದ ಭಾಗವನ್ನು ದೂರ ಇಡಿ. ನಾವು ಬಳಸುವ ಕೆಲವು ದ್ರವ ಮರದ ಪಾಲಿಶ್ ಮೇಲೆ ಒಂದು ಹನಿ ಬಿದ್ದರೂ ಬಿಳಿ ಕಲೆ ಮಾಡುತ್ತದೆ.

ಈಗ ನೋಡುವ ಕೆಲಸ. ಒಣ ಬಟ್ಟೆ ಒಂದು ಸಲ ತೂರಿಸಿ ಸಡಿಲ ಮಸಿ ತೆಗೆಯಿರಿ. ನಳಿಗೆಯನ್ನು ಕಿಟಕಿಯ ಕಡೆ ಹಿಡಿಯಿರಿ. ಬಿಸಿಲಿಗೆ ನೇರವಾಗಿ ಹಿಡಿಯಬೇಡಿ, ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಕಿಟಕಿಗೆ ಒಂದು ಬಿಳಿ ಹಾಳೆ ಅಂಟಿಸಿ ಅದರ ಕಡೆ ಹಿಡಿದರೆ ಒಳಗೆಲ್ಲ ಒಂದೇ ಸಮ ಬೆಳಕು ಬೀಳುತ್ತದೆ. ನಳಿಗೆಯನ್ನು ನಿಧಾನ ತಿರುಗಿಸುತ್ತಾ ಎರಡು ಜಾಗ ನೋಡಿ. ಒಂದು, ಚೇಂಬರ್ ಮುಗಿದು ನಳಿಗೆ ಇಕ್ಕಟ್ಟಾಗುವ ಇಳಿಜಾರು, ಕೋನ್ ಅಂತಾರೆ. ಇನ್ನೊಂದು, ಬಾಯಿಯ ಹತ್ತಿರ ಚೋಕ್, ಅಂದರೆ ನಳಿಗೆ ಮತ್ತೆ ಬಿಗಿಯಾಗುವ ಭಾಗ, ಶುರುವಾಗುವ ಜಾಗ. ಹಟಮಾರಿ ಕೊಳೆ ಹೆಚ್ಚಾಗಿ ಇವೆರಡು ಕಡೆಯೇ ಕೂರುತ್ತದೆ, ಯಾಕೆಂದರೆ ತೋಟಾದೊಳಗಿನ ಸಾಮಾನು ಹಿಂಡಿಕೊಂಡು ಹೋಗುವುದು ಅಲ್ಲೇ. ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಎಡದ್ದು ಹೆಚ್ಚು ಬಿಗಿ. ಹಾಗಾಗಿ ಎಡದ್ದಕ್ಕೆ ಜಾಸ್ತಿ ಹೊತ್ತು ಬೇಕು.

ಉದ್ದಕ್ಕೆ ಎಳೆದ ಹಾಗೆ ಮಂಕಾದ ಬೂದು ಪಟ್ಟೆ ಕಂಡರೆ ಪ್ಲಾಸ್ಟಿಕ್. ಈಗಿನ ಹೆಚ್ಚಿನ ತೋಟಾಗಳಲ್ಲಿ ಛರ್ರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಒಂದು ಪ್ಲಾಸ್ಟಿಕ್ ಕಪ್‌ನೊಳಗೆ ಕೂತಿರುತ್ತದೆ. ಆ ಕಪ್ ಉಜ್ಜಿಕೊಂಡು ಹೋಗುವಾಗ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಮಸಿ, ಮಸಿಯ ಮೇಲೆ ಮತ್ತೆ ಪ್ಲಾಸ್ಟಿಕ್, ಹೀಗೆ ಪದರ ಕಟ್ಟುತ್ತದೆ. ಪಟ್ಟೆ ಬೆಳ್ಳಿಯ ಹಾಗೆ ಮಿಂಚಿದರೆ, ಅಂಚು ಒರಟಾಗಿದ್ದರೆ ಸೀಸ. ಫೆಲ್ಟ್ ಬಿಲ್ಲೆಯ ಹಳೇ ಮಾದರಿ ತೋಟಾದಲ್ಲಿ ಈ ಕಪ್ ಇರುವುದಿಲ್ಲ, ಛರ್ರೆ ನೇರವಾಗಿ ಉಕ್ಕಿಗೆ ಉಜ್ಜುತ್ತದೆ, ಸೀಸ ಹಿಡಿಯುತ್ತದೆ. ಕಂದು ಅಥವಾ ಕೆಂಪು ಬಣ್ಣ ಇದ್ದರೆ ತುಕ್ಕು, ಅದನ್ನು ಕೊಡಗಿನವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಇನ್ನು ಬಟ್ಟೆ ಬೆಳ್ಳಗೆ ಹೊರಗೆ ಬರುತ್ತಿದೆ, ಆದರೂ ಒಳಗೆ ಕಪ್ಪು ಚುಕ್ಕಿ ಹಾಗೇ ಇದೆ ಅಂದರೆ ಅದು ಕೊಳೆಯೇ ಅಲ್ಲ. ಹಳೇ ತುಕ್ಕು ತಿಂದ ಗುಳಿ. ಅದನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಉಜ್ಜಲೂಬಾರದು.

ಬೇಕಾದ ಸಾಮಾನು

ಮೂರು ತುಂಡಿನ ಮರದ ರಾಡ್ ಇದ್ದರೆ ಒಳ್ಳೆಯದು. ಅದಕ್ಕೆ 12 ಬೋರಿನ ಕಂಚಿನ ಬ್ರಷ್, ಬಟ್ಟೆ ಸುತ್ತುವ ತುದಿ, ಉಣ್ಣೆಯ ಮಾಪ್. ಕಂಚು ನಳಿಗೆಯ ಉಕ್ಕಿಗಿಂತ ಮೆತ್ತಗೆ, ಗೀರುವುದಿಲ್ಲ. ಬ್ರಷ್ ತೂರಿಸುವಾಗ ಸ್ವಲ್ಪ ಬಿಗಿಯಾಗಿ ಹೋಗಬೇಕು. ಸಲೀಸಾಗಿ ಜಾರಿ ಹೋಗುತ್ತಿದೆ ಅಂದರೆ ಬ್ರಷ್ ಸವೆದಿದೆ. ಅದನ್ನು ಎಸೆಯಬೇಡಿ, ಸೀಸ ತೆಗೆಯಲು ಬೇಕಾಗುತ್ತದೆ.

ಬಟ್ಟೆಗೆ ಹಳೇ ಕಾಟನ್ ಪಂಚೆ ಅಥವಾ ಬನಿಯನ್. ಮೂರು ಇಂಚಿನ ಚೌಕ ಚಿಂದಿಗಳಾಗಿ ಕತ್ತರಿಸಿ ಒಂದು ರಾಶಿ ಇಟ್ಟುಕೊಳ್ಳಿ. ಪಾಲಿಸ್ಟರ್ ಬೇಡ, ಎಣ್ಣೆ ಹೀರುವುದಿಲ್ಲ.

ದ್ರವಕ್ಕೆ ಬಂದರೆ, ಕೋವಿ ಅಂಗಡಿಯ ಬೋರ್ ಸಾಲ್ವೆಂಟ್ (ನಳಿಗೆಯ ಕೊಳೆ ಬಿಡಿಸುವ ದ್ರವ) ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಸೀಮೆಎಣ್ಣೆ. ಸೀಮೆಎಣ್ಣೆ ಸಿಗುವುದೇ ಈಗ ಕಷ್ಟ, ಅಲ್ವಾ? ಬಣ್ಣದ ಅಂಗಡಿಯ ಮಿನರಲ್ ಟರ್ಪೆಂಟೈನ್ ಕೂಡ ನಡೆಯುತ್ತದೆ. ಡಬ್ಲ್ಯುಡಿ-40 ಕೊಳೆ ಸಡಿಲ ಮಾಡಲು ಒಳ್ಳೆಯದು, ಆದರೆ ಮಳೆಗಾಲ ಪೂರ್ತಿ ಕಾಪಾಡುವ ಎಣ್ಣೆ ಅದಲ್ಲ. ಅಮೆರಿಕದ ಕೋವಿ ಪ್ರಿಯರಲ್ಲಿ ಎಡ್ಸ್ ರೆಡ್ ಅಂತ ಒಂದು ಮನೆಮದ್ದು ಬಹಳ ಹೆಸರುವಾಸಿ. ಆಟೋಮ್ಯಾಟಿಕ್ ಗೇರ್‌ನ ಎಟಿಎಫ್ ಎಣ್ಣೆ, ಸೀಮೆಎಣ್ಣೆ, ಮಿನರಲ್ ಟರ್ಪೆಂಟೈನ್, ಅಸಿಟೋನ್, ನಾಲ್ಕೂ ಸಮ ಸಮ. ಮಿಲಿಟರಿಯಲ್ಲಿದ್ದ ಮೈದುನ ಒಂದು ಸೀಸೆ ಮಾಡಿಟ್ಟಿದ್ದಾನೆ. ಮಸಿಗೆ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಸಿಟೋನ್ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆಮನೆಯ ಹತ್ತಿರ, ದೇವರ ದೀಪದ ಹತ್ತಿರ, ಬೀಡಿ ಸೇದುವವರ ಹತ್ತಿರ ಇದನ್ನು ತೆರೆಯಬೇಡಿ. ನಾನು ಹೊರಗೆ ಜಗಲಿಯಲ್ಲೇ ಕೂರುತ್ತೇನೆ. ಕೈಗೆ ರಬ್ಬರ್ ಗ್ಲೌಸ್ ಇರಲಿ.

ಮಸಿ

ಇದು ಸುಲಭದ್ದು. ಒದ್ದೆ ಚಿಂದಿ ತೂರಿಸಿ ನಳಿಗೆ ಪೂರ್ತಿ ನೆನೆಸಿ, ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಆಮೇಲೆ ಬ್ರಷ್. ಯಾವಾಗಲೂ ತೋಟಾ ಹಾಕುವ ಕಡೆಯಿಂದ ತೂರಿಸಿ, ಬಾಯಿಯಿಂದ ಪೂರ್ತಿ ಹೊರಗೆ ಬಂದ ಮೇಲೆ ವಾಪಸ್ ಎಳೆಯಿರಿ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿಸಿದರೆ ಬ್ರಷ್ಷಿನ ಕೂದಲು ಮುರಿಯುತ್ತದೆ, ಕೆಲವೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹತ್ತಿಪ್ಪತ್ತು ಸಲ ಆದ ಮೇಲೆ ಚಿಂದಿ. ಕಪ್ಪು ಬಂತಾ, ಮತ್ತೆ ನೆನೆಸಿ. ಬೂದು ಬಂತಾ, ಇನ್ನೊಂದು ಸುತ್ತು.

ಚೇಂಬರ್ ಮರೆಯಬೇಡಿ. ಅದು ನಳಿಗೆಗಿಂತ ಅಗಲ, ಅದೇ ಬ್ರಷ್ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಬ್ರಷ್ಷಿಗೆ ಒಂದು ಚಿಂದಿ ಸುತ್ತಿ ದಪ್ಪ ಮಾಡಿ, ಅಲ್ಲಿ ಮಾತ್ರ ತಿರುವಿ ಉಜ್ಜಿ. ಹೊಡೆದ ತೋಟಾ ಹೊರಗೆ ಬರದೆ ಸತಾಯಿಸುತ್ತಿದ್ದರೆ ಎಷ್ಟೋ ಸಲ ಕಾರಣ ಇಲ್ಲಿನ ಜಿಡ್ಡೇ.

ಪ್ಲಾಸ್ಟಿಕ್

ತುಂಬಾ ಜನ ಒದ್ದಾಡುವುದು ಇಲ್ಲಿ. ತೋಟಾದೊಳಗಿನ ಆ ಕಪ್ ಪಾಲಿಥೀನಿನದ್ದು. ಅದು ಸೀಮೆಎಣ್ಣೆಯಲ್ಲೂ ಕರಗುವುದಿಲ್ಲ, ಅಸಿಟೋನ್‌ನಲ್ಲೂ ಕರಗುವುದಿಲ್ಲ. ದ್ರವ ಮಾಡುವ ಕೆಲಸ ಏನೆಂದರೆ, ಪದರದ ಅಂಚಿನಿಂದ ಅಡಿಗೆ ನುಗ್ಗಿ ಹಿಡಿತ ಸಡಿಲ ಮಾಡುವುದು. ಅದಕ್ಕೆ ಹೊತ್ತು ಬೇಕು. ಹಾಗಾಗಿ ಇಲ್ಲಿ ಉಜ್ಜುವುದಕ್ಕಿಂತ ನೆನೆಸುವುದೇ ದೊಡ್ಡ ಕೆಲಸ.

ನಾನು ಹೀಗೆ ಮಾಡುತ್ತೇನೆ. ನಳಿಗೆಯ ಬಾಯಿಗೆ ಬೆಂಡಿನ ಬಿರಡೆ ಹಾಕಿ, ಬಾಯಿ ಕೆಳಗೆ ಮಾಡಿ ಒಂದು ಬಕೆಟ್‌ನಲ್ಲಿ ಒರಗಿಸಿ ನಿಲ್ಲಿಸುತ್ತೇನೆ. ಮೇಲಿನಿಂದ ದ್ರವ ಸುರಿದು ಚೋಕ್ ಇರುವ ನಾಲ್ಕೈದು ಇಂಚು ಮುಳುಗುವ ಹಾಗೆ ಮಾಡುತ್ತೇನೆ. ನಳಿಗೆ ಪೂರ್ತಿ ತುಂಬಿಸುವುದು ದುಂದು. ಕೋನ್ ಇರುವ ಜಾಗಕ್ಕೆ ದ್ರವದಲ್ಲಿ ಅದ್ದಿದ ಒಂದು ದಪ್ಪ ಚಿಂದಿಯನ್ನು ಮೇಲಿನಿಂದ ತುರುಕಿ ಬಿಡುತ್ತೇನೆ. ಹೊರಗೆ ಒಂದು ತುದಿ ಬಾಲದ ಹಾಗೆ ಇಳಿಬಿಟ್ಟಿರಲೇಬೇಕು, ಒಳಗೆ ಬಟ್ಟೆ ಇದೆ ಅಂತ ಕಂಡವರಿಗೆಲ್ಲ ಗೊತ್ತಾಗಲಿ. ಒಂದು ರಾತ್ರಿ ಹಾಗೇ ಇರಲಿ.

ಬೆಳಿಗ್ಗೆ ದ್ರವ ಒಂದು ಡಬ್ಬಕ್ಕೆ ಬಗ್ಗಿಸಿ ಬ್ರಷ್ ಹಾಕಿ. ಹೊಸದು, ಬಿಗಿಯಾದ ಬ್ರಷ್. ಮೊದಲ ನಾಲ್ಕೈದು ಎಳೆತಕ್ಕೇ ಬ್ರಷ್ಷಿನ ಕೂದಲ ನಡುವೆ ಬೂದು ಬಣ್ಣದ ತೆಳು ಸಿಪ್ಪೆ ಸಿಕ್ಕಿಕೊಂಡು ಬರುತ್ತದೆ. ಕೈಯಲ್ಲಿ ಹಿಡಿದು ಎಳೆದರೆ ಹಿಗ್ಗುತ್ತದೆ, ಹಾವಿನ ಪೊರೆಯ ತುಂಡಿನ ಹಾಗೆ. ಕೆಲವೊಮ್ಮೆ ಒಂದೂವರೆ ಇಂಚಿನ ಪಟ್ಟಿ ಇಡಿಯಾಗಿ ಬಂದುಬಿಡುತ್ತದೆ. ಮಾವನಿಗೆ ಅದನ್ನು ತೋರಿಸಿದರೆ ಮಾತ್ರ ಸಮಾಧಾನ.

ಅಷ್ಟಕ್ಕೂ ಬಿಡದಿದ್ದರೆ ಬಿಸಿನೀರು. ಕುದಿಯುವ ನೀರನ್ನು ಆಲಿಕೆ ಇಟ್ಟು ನಳಿಗೆಯೊಳಗೆ ಹೊಯ್ಯಿರಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಬ್ರಷ್ ಹಾಕಿ. ನಳಿಗೆ ಹಿಡಿಯಲು ಮಸಿಬಟ್ಟೆ ಬೇಕು, ಕೈ ಸುಡುತ್ತದೆ. ನೀರಿಗೆ ಮುಂಚೆ ಸೀಮೆಎಣ್ಣೆ, ಟರ್ಪೆಂಟೈನ್ ಎಲ್ಲ ಒರೆಸಿ ತೆಗೆದಿರಬೇಕು, ಒಲೆ ದೂರ ಇರಬೇಕು. ಒಂದು ಎಚ್ಚರಿಕೆ: ಜೋಡಿ ನಳಿಗೆಯನ್ನು ನೀರಿನ ಹಂಡೆಯಲ್ಲಿ ಮುಳುಗಿಸಬೇಡಿ. ಎರಡು ನಳಿಗೆಯ ಮಧ್ಯೆ ಬೆಸೆದ ಪಟ್ಟಿ ಇರುತ್ತದಲ್ಲ, ಅದರಡಿ ಪೊಳ್ಳು ಜಾಗ ಇದೆ. ಅಲ್ಲಿ ನೀರು ಹೊಕ್ಕರೆ ಹೊರಗೆ ಬರುವುದಿಲ್ಲ, ಒಳಗೊಳಗೇ ತುಕ್ಕು ತಿನ್ನುತ್ತದೆ. ನೀರು ನಳಿಗೆಯ ಒಳಗೆ ಮಾತ್ರ. ಗ್ಯಾಸ್ ಉರಿಯಲ್ಲಿ ಬಿಸಿ ಮಾಡುವುದಂತೂ ಬೇಡವೇ ಬೇಡ. ಆ ಪಟ್ಟಿ ಸಾಮಾನ್ಯವಾಗಿ ತವರ ಸೀಸದ ಬೆಸುಗೆಯದ್ದು. ಅಂಥ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ. ಕುದಿಯುವ ನೀರು 100 ದಾಟುವುದಿಲ್ಲ, ಉರಿಗೆ ಮಿತಿ ಇಲ್ಲ.

ಬ್ಯಾಟರಿ ಡ್ರಿಲ್ಲಿಗೆ ರಾಡ್ ಸಿಕ್ಕಿಸಿ ಗರಗರ ತಿರುಗಿಸುವವರಿದ್ದಾರೆ. ಮೈದುನ ಅದರ ಪಕ್ಷ. ನಿಧಾನ ವೇಗದಲ್ಲಿ, ಎಣ್ಣೆ ಹಾಕಿ, ಒಂದೇ ಜಾಗದಲ್ಲಿ ನಿಲ್ಲಿಸದೆ ಹಿಂದೆ ಮುಂದೆ ಆಡಿಸುತ್ತಾ ಮಾಡಿದರೆ ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ರಾಡ್ ಬಳುಕಿ ಗೋಡೆಗೆ ತಾಗಿದರೆ ಗೀರು ಬೀಳುತ್ತದೆ. ಅಜ್ಜನ ಕಾಲದ ನಳಿಗೆಗೆ ನಾನು ಡ್ರಿಲ್ ಮುಟ್ಟಿಸುವುದಿಲ್ಲ. ಒಂದು ರಾತ್ರಿ ಕಾಯುವುದಕ್ಕೆ ಏನು ಕಷ್ಟ?

ಸೀಸ

ಸೀಸಕ್ಕೆ ದ್ರವದಿಂದ ಉಪಯೋಗ ಕಡಿಮೆ. ಉಜ್ಜಿಯೇ ತೆಗೆಯಬೇಕು, ಆದರೆ ಸರಿಯಾದ ವಸ್ತುವಿನಿಂದ. ಸವೆದ ಕಂಚಿನ ಬ್ರಷ್ಷಿಗೆ ನಾಲ್ಕು ಸೊನ್ನೆಯ ಸ್ಟೀಲ್ ವೂಲ್ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಸೀಸ ಇರುವ ಜಾಗದಲ್ಲಿ ಮಾತ್ರ ಗಿಡ್ಡ ಗಿಡ್ಡವಾಗಿ ಆಡಿಸಿ. ನಾಲ್ಕು ಸೊನ್ನೆ ಅಂದರೆ ಅತಿ ನಯವಾದದ್ದು. ಅದು ಸಿಗದಿದ್ದರೆ ತಾಮ್ರದ ಎಳೆ. ಪಾತ್ರೆ ಅಂಗಡಿಯಲ್ಲಿ ತಾಮ್ರದ ಬಣ್ಣದ ಉಜ್ಜುವ ಉಂಡೆ ಸಿಗುತ್ತದೆ. ಕೊಳ್ಳುವ ಮುಂಚೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಲೇಪ ಕೊಟ್ಟ ಉಕ್ಕು, ನಳಿಗೆಗೆ ಬೇಡ. ಪಾತ್ರೆ ಉಜ್ಜುವ ಸ್ಟೀಲ್ ನಾರು ಕೂಡ ಬೇಡ, ಎಮರಿ ಪೇಪರ್ ಕೂಡ ಬೇಡ.

ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಾಕಿದರೆ ಸೀಸ ಬುಸಬುಸ ಅಂತ ಕರಗುತ್ತದೆ ಅಂತ ಕೆಲವರು ವೀಡಿಯೊ ಮಾಡಿ ಹಾಕುತ್ತಾರೆ. ಕರಗುವುದು ನಿಜ. ಕರಗಿ ಆಗುವುದು ಲೆಡ್ ಅಸಿಟೇಟ್, ಚರ್ಮದ ಮೂಲಕವೂ ಮೈಗೆ ಸೇರಬಲ್ಲ ವಿಷ. ನಳಿಗೆಯ ನೀಲಿ ಪಾಲಿಶ್ ಹೋಗುತ್ತದೆ, ಉಕ್ಕನ್ನೂ ತಿನ್ನುತ್ತದೆ. ನಮ್ಮ ಕಡೆ ಇದೇ ದಾರಿಯಲ್ಲಿ ಇನ್ನೊಂದು ಸಲಹೆ ಕೊಡುತ್ತಾರೆ, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಕಪ್ಪು ಹುಳಿ) ಹಚ್ಚಿ ನೋಡು ಅಂತ. ಹುಣಸೆಹಣ್ಣು, ನಿಂಬೆ, ಬಾತ್‌ರೂಮಿನ ಆಸಿಡ್ ಎಲ್ಲ ಅದೇ ಸಾಲಿಗೆ ಸೇರಿದ್ದು. ಕಾಚಂಪುಳಿ ಪಂದಿಕರಿಗೆ ಇರಲಿ. ಹಬ್ಬದ ದಿನ ಅದು ಅಲ್ಲೇ ಬೇಕಾಗುತ್ತದೆ.

ತುಕ್ಕು ಮತ್ತು ಗುಳಿ

ಮೇಲ್ಮೈಯ ತೆಳು ಕೆಂಪು ತುಕ್ಕಿಗೆ ಎಣ್ಣೆ ಹಾಕಿ ಒಂದು ದಿನ ಬಿಟ್ಟು ಅದೇ ನಾಲ್ಕು ಸೊನ್ನೆಯ ವೂಲ್ ಹಗುರವಾಗಿ ಆಡಿಸಿ. ಬಟ್ಟೆಗೆ ಕೆಂಪು ಬರುವುದು ನಿಂತರೆ ಸಾಕು, ಕನ್ನಡಿಯ ಹಾಗೆ ಹೊಳೆಯಬೇಕು ಅಂತ ಹಟ ಬೇಡ. ಗುಳಿ ಬಿದ್ದಿದ್ದರೆ ಅಲ್ಲೇ ಪ್ಲಾಸ್ಟಿಕ್ಕೂ ಸೀಸವೂ ಬೇಗ ಹಿಡಿಯುತ್ತದೆ. ಅದಕ್ಕೇ ಹಳೇ ಕೋವಿಗೆ ಹೊಸದಕ್ಕಿಂತ ಹೆಚ್ಚು ಆರೈಕೆ ಬೇಕು. ಆಳವಾದ ಗುಳಿ, ಊದಿದ ಜಾಗ, ತಗ್ಗು, ಸಡಿಲವಾದ ಪಟ್ಟಿ ಕಂಡರೆ ಮನೆಯಲ್ಲಿ ಏನೂ ಮಾಡಬೇಡಿ, ಗುಂಡನ್ನಂತೂ ಹೊಡೆಯಲೇಬೇಡಿ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದು ನಳಿಗೆಯ ದಪ್ಪ ಅಳೆಸಿ. ಒಯ್ಯುವಾಗ ಕಾಗದ ಪತ್ರ ಜೊತೆಗಿರಲಿ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಹಾಗಂತ ವಿನಾಯಿತಿ ಪತ್ರ ಇಲ್ಲದೆ ಕೋವಿ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುವ ಹಾಗಿಲ್ಲ.

ಮನೆಯಲ್ಲಿ ಕೇಪಿನ ಕೋವಿ, ಅಂದರೆ ಬಾಯಿಯಿಂದ ಕರಿಮದ್ದು ತುಂಬಿ ಹೊಡೆಯುವ ಹಳೇ ಕೋವಿ, ಇದ್ದರೆ ಅದರ ಲೆಕ್ಕವೇ ಬೇರೆ. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿಯಾಗಿ, ಉಪ್ಪಾಗಿ ಉಳಿದುಬಿಡುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ತುಕ್ಕು ತರಿಸಬಲ್ಲದು. ಇದಕ್ಕೆ ಸೀಮೆಎಣ್ಣೆಯಿಂದ ಪ್ರಯೋಜನ ಇಲ್ಲ, ಉಪ್ಪು ಕರಗುವುದು ನೀರಿನಲ್ಲಿ. ಮದ್ದು ತುಂಬಿಲ್ಲ ಅಂತ ಗಜ (ಮದ್ದು ಒತ್ತುವ ಕೋಲು) ಇಳಿಸಿ ಅಳತೆ ನೋಡಿ ಖಚಿತ ಮಾಡಿಕೊಳ್ಳಿ. ಹಳೇ ಮನೆಗಳ ಅಟ್ಟದಲ್ಲಿ ತುಂಬಿದ ಕೋವಿ ವರ್ಷಗಟ್ಟಲೆ ಹಾಗೇ ಇರುವುದುಂಟು. ಆಮೇಲೆ ಬಿಸಿನೀರು, ಸ್ವಲ್ಪ ಸೋಪು, ಮತ್ತೆ ಬರೀ ಬಿಸಿನೀರು. ಒಣಗಿಸಿ ಎಣ್ಣೆ.

ಕೊಳೆ ಹೋದ ಮೇಲೆ

ಒಣ ಚಿಂದಿ ಹಾಕಿ ಹಾಕಿ ದ್ರವದ ಅಂಶ ಪೂರ್ತಿ ತೆಗೆಯಿರಿ. ಬಿಸಿನೀರು ಬಳಸಿದ್ದರೆ ನಳಿಗೆಯನ್ನು ಬಿಸಿಲಿಗೆ ಇಡಿ. ಆಗಸ್ಟಿನಲ್ಲಿ ಬಿಸಿಲು ಎಲ್ಲಿ ಅಂತ ಕೇಳುತ್ತೀರಿ. ಹೇರ್ ಡ್ರೈಯರ್ ಇದೆಯಲ್ಲ, ಮಗಳದ್ದು ತೆಗೆದುಕೊಳ್ಳಿ. ಆಮೇಲೆ ಮಾಪಿಗೆ ಗನ್ ಆಯಿಲ್ ಅಥವಾ ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಹಾಕಿ ತೆಳುವಾಗಿ ಸವರಿ. ತೊಟ್ಟಿಕ್ಕುವಷ್ಟು ಬೇಡ. ಜಾಸ್ತಿಯಾದ ಎಣ್ಣೆ ಹಿಂದಿನ ಮರಕ್ಕೆ ಇಳಿದು ಮರ ಮೆತ್ತಗೆ ಮಾಡುತ್ತದೆ. ಅದಕ್ಕೇ ಒಂದೆರಡು ದಿನ ಬಾಯಿ ಕೆಳಗೆ ಮಾಡಿ ಪೇಪರ್ ಮೇಲೆ ನಿಲ್ಲಿಸುವುದು ಒಳ್ಳೆಯದು.

ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ಹಾಕಿ ಮಳೆಗಾಲ ಕಳೆಯಬೇಡಿ. ಚೀಲ ತೇವ ಹಿಡಿದಿಡುತ್ತದೆ. ಬೀಗ ಇರುವ ಕಬ್ಬಿಣದ ಕಪಾಟಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತಿಂಗಳಿಗೊಂದು ಸಲ ತೆಗೆದು ಒರೆಸಿ.

ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತೇವೆ, ಗಂಧ ಹಚ್ಚುತ್ತೇವೆ. ಪೂಜೆ ಮುಗಿದು ಮೈದಾನಕ್ಕೆ ಹೋಗುವ ಮುಂಚೆ ಹೂ ತೆಗೆದರೆ ಸಾಲದು, ಎಸಳು ಒಳಗೆ ಜಾರಿದೆಯಾ ಅಂತ ಕೋವಿ ಮುರಿದು ಬೆಳಕಿಗೆ ಹಿಡಿದು ನೋಡಬೇಕು. ಅದೇ ಹೊತ್ತಿಗೆ ಒಣ ಚಿಂದಿ ಒಂದು ಸಲ ತೂರಿಸಿ ಚೇಂಬರಿನ ಎಣ್ಣೆ ತೆಗೆಯಿರಿ. ನಳಿಗೆಯಲ್ಲಿ ಮರೆತ ಬಟ್ಟೆ, ಬಿರಡೆ, ಹೂವಿನ ಗೊಂಚಲು ಯಾವುದೇ ಇರಲಿ, ಅದರ ಹಿಂದೆ ಗುಂಡು ಹೊಡೆದರೆ ನಳಿಗೆ ಊದುತ್ತದೆ ಅಥವಾ ಸೀಳುತ್ತದೆ. 12ಕ್ಕಿಂತ ಸಣ್ಣದಾದ 20 ಬೋರಿನ ತೋಟಾ ಕೂಡ ಹಾಗೇ. 12ರ ನಳಿಗೆಗೆ ಹಾಕಿದರೆ ಒಳಗೆ ಜಾರಿ ಕೋನ್ ಹತ್ತಿರ ಸಿಕ್ಕಿಕೊಂಡು ಕೂರುತ್ತದೆ, ಹಿಂದೆ ಖಾಲಿ ಕಾಣುತ್ತದೆ. ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ಕೈ ಹೋಗುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಈ ಭಯದಿಂದಲೇ.

ಸ್ಪರ್ಧೆ ಮುಗಿಸಿ ಬಂದ ಸಂಜೆಯೇ ಒಂದು ಸಲ ನೆನೆಸಿ ಬ್ರಷ್ ಹಾಕಿಬಿಡಿ, ಕಡುಬು ತಿಂದು ನಿದ್ದೆ ಎಳೆಯುತ್ತಿದ್ದರೂ ಸರಿ. ಹೊಸ ಪ್ಲಾಸ್ಟಿಕ್ ಸುಲಭವಾಗಿ ಬಿಡುತ್ತದೆ.

ಕೊನೆಗೆ ಚಿಂದಿಗಳು. ಅವುಗಳಲ್ಲಿ ಸೀಸ ಇರುತ್ತದೆ, ಒಲೆಗೆ ಹಾಕಬೇಡಿ. ನೀರೊಲೆಗೂ ಬೇಡ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ್ದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಸೌದೆ ಕೊಟ್ಟಿಗೆಯ ಮೂಲೆಗೆ ಎಸೆಯುವುದು ಇನ್ನೂ ಅಪಾಯ, ಅದು ಒಣಗುವಾಗ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಎಲ್ಲವನ್ನೂ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಮುಚ್ಚಳದ ಡಬ್ಬಕ್ಕೆ ಹಾಕಿ, ಹಾಳಾದ ಬ್ಯಾಟರಿ, ಬಣ್ಣದ ಡಬ್ಬಗಳ ಜೊತೆ ಅಪಾಯದ ಕಸ ಅಂತ ಬೇರೆಯಾಗಿ ಕೊಡಿ. ಕೈಯನ್ನು ಮೊಣಕೈವರೆಗೂ ಸೋಪು ಹಾಕಿ ತೊಳೆದ ಮೇಲೆಯೇ ಅಡುಗೆಮನೆಗೆ ಹೋಗಿ.